ಬ್ಯಾಕಪ್ ತಂತ್ರಾಂಶ ಬರೆದಾಯಿತು, ಬಿಡುಗಡೆ ಹೇಗೆ? ಲಿನಕ್ಸ್ ಪ್ಯಾಕೇಜಿಂಗ್‌ಗೆ ಒಂದು ಮಾರ್ಗದರ್ಶಿ

“ನನ್ನ ಬ್ಯಾಕಪ್ ಪ್ರೋಗ್ರಾಂ ನನ್ನ ಯಂತ್ರದಲ್ಲಿ ಚೆನ್ನಾಗಿ ಓಡುತ್ತಿದೆ. ಬೇರೆಯವರೂ ಬಳಸುವ ಹಾಗೆ ಇದನ್ನು ಕೊಡುವುದು ಹೇಗೆ?” ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದಾರೆ, ಕಾಲೇಜು, ಕಚೇರಿಗಳ ಸರ್ವರ್ ನೋಡಿಕೊಳ್ಳುವವರಿದ್ದಾರೆ. ಹೆಚ್ಚಿನವರು ಮೂಲಸಂಕೇತವನ್ನು ಗಿಟ್‌ಹಬ್‌ಗೆ ಏರಿಸಿ, ಬಿಡುಗಡೆ ಮುಗಿಯಿತು ಎಂದುಕೊಂಡಿರುತ್ತಾರೆ. ಬೇರೆ ತಂತ್ರಾಂಶಕ್ಕೆ ಅಷ್ಟು ಸಾಕಾದೀತು, ಬ್ಯಾಕಪ್ ತಂತ್ರಾಂಶಕ್ಕೆ ಸಾಲದು. ಚಿತ್ರ ತಿದ್ದುವ ಪ್ರೋಗ್ರಾಂ ಕೆಟ್ಟರೆ ಬಳಕೆದಾರರಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಬ್ಯಾಕಪ್ ಪ್ರೋಗ್ರಾಂ ಕೆಟ್ಟಿದೆ ಎಂದು ಗೊತ್ತಾಗುವುದು ಡಿಸ್ಕ್ ಹಾಳಾಗಿ, ಮಗಳ ನಾಮಕರಣದ ಫೋಟೋಗಳನ್ನು ಹುಡುಕುವ ದಿನ.

ಹಾಗಾಗಿ ಕೆಳಗಿನ ಹಂತಗಳನ್ನೆಲ್ಲ ಒಂದೇ ಪ್ರಶ್ನೆ ಮುಂದಿಟ್ಟುಕೊಂಡು ಬರೆದಿದ್ದೇನೆ: ಇಂದು ತೆಗೆದ ಬ್ಯಾಕಪ್ಪನ್ನು ಐದು ವರ್ಷದ ನಂತರ, ಬೇರೊಂದು ಯಂತ್ರದಲ್ಲಿ, ನಿಮ್ಮ ಸಹಾಯವಿಲ್ಲದೆ ಮರಳಿ ಪಡೆಯಲು ಆಗುತ್ತದೆಯೇ?

ಮೊದಲು ಕೆಲವು ಪದಗಳು. ಡಿಸ್ಟ್ರೋ ಎಂದರೆ ಡೆಬಿಯನ್, ಉಬುಂಟು, ಫೆಡೋರಾ, ಆರ್ಚ್‌ನಂತಹ ಲಿನಕ್ಸ್ ವಿತರಣೆ. ಪ್ಯಾಕೇಜ್ ಎಂದರೆ ತಂತ್ರಾಂಶದ ಕಡತಗಳ ಜೊತೆಗೆ ಅದನ್ನು ಎಲ್ಲಿ ಇಡಬೇಕು, ಅದಕ್ಕೆ ಇನ್ನೇನು ಬೇಕು ಎಂಬ ವಿವರವನ್ನೂ ಸೇರಿಸಿ ಕಟ್ಟಿದ ಕಟ್ಟು. ಅಪ್‌ಸ್ಟ್ರೀಮ್ ಎಂದರೆ ತಂತ್ರಾಂಶ ಬರೆದವರು, ಅಂದರೆ ನೀವು. ಮೇಂಟೇನರ್ ಎಂದರೆ ಅದನ್ನು ಒಂದು ಡಿಸ್ಟ್ರೋಗೆ ಹೊಂದಿಸಿ ಪ್ಯಾಕೇಜ್ ಮಾಡಿ ನೋಡಿಕೊಳ್ಳುವವರು. ಬ್ಯಾಕಪ್ ಪ್ರತಿಗಳು ಸೇರುವ ಜಾಗವನ್ನು ಇಲ್ಲಿ ‘ಸಂಗ್ರಹ’ ಎಂದು, ಅದರೊಳಗೆ ಮಾಹಿತಿ ಜೋಡಿಸುವ ಕ್ರಮವನ್ನು ‘ಸಂಗ್ರಹ ವಿನ್ಯಾಸ’ ಎಂದು ಕರೆದಿದ್ದೇನೆ. ಆದೇಶಗಳ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ನಿಮ್ಮ ಕೈಯಲ್ಲಿ ಇರಬೇಕಾದವು: ಗಿಟ್‌ನಲ್ಲಿರುವ ಮೂಲಸಂಕೇತ, ಡಿಜಿಟಲ್ ಸಹಿಗೆ ಒಂದು ಜಿಪಿಜಿ ಕೀಲಿ, ಮೂರು ನಾಲ್ಕು ಡಿಸ್ಟ್ರೋಗಳನ್ನು ಓಡಿಸಬಲ್ಲ ವರ್ಚುವಲ್ ಯಂತ್ರಗಳು ಅಥವಾ ಕಂಟೇನರ್‌ಗಳು, ಮತ್ತು ತುಂಬಿಸಲು, ಕೆಡಿಸಲು ಹಿಂಜರಿಕೆಯಿಲ್ಲದ ಒಂದು ಹಳೆಯ ಡಿಸ್ಕ್.

ಹಂತ 1: ಪರವಾನಗಿ

ಪರವಾನಗಿ ಕಡತವಿಲ್ಲದ ಸಂಕೇತ, ಎಲ್ಲರಿಗೂ ಕಾಣುವಂತೆ ಇಟ್ಟಿದ್ದರೂ, ಮುಕ್ತ ತಂತ್ರಾಂಶವಲ್ಲ. ಹಕ್ಕುಗಳೆಲ್ಲ ನಿಮ್ಮಲ್ಲೇ ಉಳಿಯುತ್ತವೆ, ಯಾವ ಡಿಸ್ಟ್ರೋ ಕೂಡ ಅದನ್ನು ಮುಟ್ಟುವುದಿಲ್ಲ. ತಿದ್ದಿ ಹಂಚಿದವರು ತಮ್ಮ ತಿದ್ದುಪಡಿಯನ್ನೂ ಮುಕ್ತವಾಗಿಡಬೇಕು ಎನ್ನುವುದಾದರೆ ಜಿಪಿಎಲ್ 3, ಯಾರು ಹೇಗೆ ಬೇಕಾದರೂ ಬಳಸಲಿ ಎನ್ನುವುದಾದರೆ ಎಂಐಟಿ ಅಥವಾ ಬಿಎಸ್‌ಡಿ. ಬೋರ್ಗ್, ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶಗಳೆರಡೂ ಬಿಎಸ್‌ಡಿ ಪರವಾನಗಿಯಲ್ಲಿವೆ. ನೀವೇ ಹೊಸ ಪರವಾನಗಿ ಬರೆಯಲು ಹೋಗಬೇಡಿ.

ಇಲ್ಲಿ ಎಡವುವುದು ಎನ್‌ಕ್ರಿಪ್ಷನ್ ಲೈಬ್ರರಿಯ ವಿಷಯದಲ್ಲಿ. ಓಪನ್ಎಸ್ಎಸ್ಎಲ್ 3.0 ಆವೃತ್ತಿಯಿಂದ ಅಪಾಚೆ 2.0 ಪರವಾನಗಿಗೆ ಬಂದಿದೆ. ಅದು ಜಿಪಿಎಲ್ 3ಕ್ಕೆ ಹೊಂದುತ್ತದೆ, ‘ಜಿಪಿಎಲ್ 2 ಮಾತ್ರ’ ಎಂಬ ಷರತ್ತಿಗೆ ಹೊಂದುವುದಿಲ್ಲ. ಬೇರೆಡೆಯಿಂದ ನಕಲು ಮಾಡಿ ಸೇರಿಸಿಕೊಂಡ ಪ್ರತಿ ಕಡತದ ಮೂಲ ಮತ್ತು ಪರವಾನಗಿಯನ್ನು ಈಗಲೇ ಪಟ್ಟಿ ಮಾಡಿಡಿ. ಡೆಬಿಯನ್ನಿಗೆ ಹೋದಾಗ ಅದೇ ಪಟ್ಟಿಯನ್ನು ಸಾಲು ಸಾಲಾಗಿ ಕೇಳುತ್ತಾರೆ.

ಹಂತ 2: ಎರಡು ಸಂಖ್ಯೆಗಳು

ಬಿಡುಗಡೆಯ ಸಂಖ್ಯೆಗೆ ಮೂರು ಅಂಕಿಗಳ ಪದ್ಧತಿ ಸಾಕು. 1.4.2 ಎಂದರೆ ಕೊನೆಯದು ದೋಷ ತಿದ್ದಿದ್ದಕ್ಕೆ, ನಡುವಿನದು ಹೊಸ ಸೌಲಭ್ಯಕ್ಕೆ, ಮೊದಲನೆಯದು ಹಳೆಯ ಬಳಕೆಯನ್ನು ಮುರಿಯುವ ಬದಲಾವಣೆಗೆ. ಇದು ಎಲ್ಲರಿಗೂ ಗೊತ್ತು. ಬ್ಯಾಕಪ್ ತಂತ್ರಾಂಶಕ್ಕೆ ಇನ್ನೊಂದು ಸಂಖ್ಯೆ ಬೇಕು, ಸಂಗ್ರಹ ವಿನ್ಯಾಸದ ಸಂಖ್ಯೆ. ಅದು ಸಂಗ್ರಹದೊಳಗೇ, ಪ್ರೋಗ್ರಾಂ ಮೊಟ್ಟಮೊದಲು ಓದುವ ಜಾಗದಲ್ಲಿ ಬರೆದಿರಬೇಕು.

ಯಾಕೆಂದು ಒಂದು ಸನ್ನಿವೇಶದಲ್ಲಿ ನೋಡಿ. ಮನೆಯ ಡೆಸ್ಕ್‌ಟಾಪ್‌ನಲ್ಲಿ ಡೆಬಿಯನ್ ಇದೆ, ಲ್ಯಾಪ್‌ಟಾಪ್‌ನಲ್ಲಿ ಆರ್ಚ್ ಇದೆ, ಎರಡೂ ಒಂದೇ ಹೊರಗಿನ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ತೆಗೆಯುತ್ತವೆ. ಆರ್ಚ್‌ಗೆ ನಿಮ್ಮ ಹೊಸ ಆವೃತ್ತಿ ಬೇಗನೆ ಬರುತ್ತದೆ. ಡೆಬಿಯನ್ನಿನ ಸ್ಥಿರ ಆವೃತ್ತಿಯಲ್ಲಿ ಹಳೆಯದೇ ವರ್ಷಗಟ್ಟಲೆ ಇರುತ್ತದೆ. ಹೊಸ ಆವೃತ್ತಿ ಕೇಳದೆಯೇ ಸಂಗ್ರಹವನ್ನು ಹೊಸ ವಿನ್ಯಾಸಕ್ಕೆ ಬದಲಾಯಿಸಿಬಿಟ್ಟರೆ ಡೆಸ್ಕ್‌ಟಾಪ್‌ನ ಬ್ಯಾಕಪ್ ಅಂದೇ ನಿಂತಿತು. ಇದರಿಂದ ಮೂರು ನಿಯಮಗಳು ಹುಟ್ಟುತ್ತವೆ. ಹೊಸ ಪ್ರೋಗ್ರಾಂ ಹಿಂದಿನ ಎಲ್ಲ ವಿನ್ಯಾಸಗಳನ್ನೂ ಓದಬೇಕು. ವಿನ್ಯಾಸದ ಬದಲಾವಣೆ ಬಳಕೆದಾರರು ಬೇರೆಯೇ ಆದೇಶ ಕೊಟ್ಟಾಗ ಮಾತ್ರ ಆಗಬೇಕು. ಹಳೆಯ ಪ್ರೋಗ್ರಾಂ ತನಗೆ ತಿಳಿಯದ ವಿನ್ಯಾಸ ಕಂಡರೆ ಏನನ್ನೂ ಬರೆಯದೆ, ಯಾವ ಆವೃತ್ತಿ ಬೇಕೆಂದು ಹೇಳಿ ನಿಲ್ಲಬೇಕು. ಈ ಮೂರನೆಯದನ್ನು ಮೊದಲ ಬಿಡುಗಡೆಯಲ್ಲೇ ಸೇರಿಸಬೇಕಾಗುತ್ತದೆ. ಹಂಚಿಹೋದ ಹಳೆಯ ಪ್ರೋಗ್ರಾಂಗೆ ಆಮೇಲೆ ಬುದ್ಧಿ ಕಲಿಸಲು ಬರುವುದಿಲ್ಲ.

ರೆಸ್ಟಿಕ್ 2022ರಲ್ಲಿ 0.14 ಆವೃತ್ತಿಯೊಂದಿಗೆ ಮಾಹಿತಿಯನ್ನು ಕುಗ್ಗಿಸಿ ಇಡುವ ಸೌಲಭ್ಯ ತಂದಾಗ ಎರಡನೆಯ ವಿನ್ಯಾಸವನ್ನು ಪರಿಚಯಿಸಿತು. ಹೊಸದಾಗಿ ತೆರೆದ ಸಂಗ್ರಹಗಳಿಗೆ ಹೊಸ ವಿನ್ಯಾಸ ಬಂತು, ಮೊದಲಿನ ಸಂಗ್ರಹಗಳು ಇದ್ದ ಹಾಗೆಯೇ ಕೆಲಸ ಮಾಡುತ್ತಿದ್ದವು, ಬದಲಾಯಿಸಿಕೊಳ್ಳಲು ಪ್ರತ್ಯೇಕ ಆದೇಶ ಇತ್ತು. ಅನುಸರಿಸಲು ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಸಂಗ್ರಹ ವಿನ್ಯಾಸವನ್ನು ವಿವರಿಸುವ ದಾಖಲೆಯನ್ನೂ ಮೂಲಸಂಕೇತದ ಜೊತೆ ಇಡಿ. ನಿಮ್ಮ ಪ್ರೋಗ್ರಾಂ ಇಲ್ಲದೆಯೂ, ಆ ದಾಖಲೆ ಓದಿ ಇನ್ನೊಬ್ಬರು ಮಾಹಿತಿಯನ್ನು ಹೊರತೆಗೆಯುವಂತಿರಬೇಕು.

ಹಂತ 3: ಮರಳಿ ಪಡೆದು ನೋಡುವ ಪರೀಕ್ಷೆ

ಹೆಚ್ಚಿನ ಯೋಜನೆಗಳು ಬ್ಯಾಕಪ್ ತೆಗೆಯುವುದನ್ನು ಪರೀಕ್ಷಿಸುತ್ತವೆ, ಮರಳಿ ಪಡೆಯುವುದನ್ನು ಅರೆಮನಸ್ಸಿನಿಂದ ನೋಡುತ್ತವೆ. ಬಿಡುಗಡೆಗೆ ಮುಂಚೆ ಪ್ರತಿ ಬಾರಿಯೂ ತಾನಾಗಿಯೇ ಓಡುವ ಪರೀಕ್ಷೆ ಹೀಗಿರಲಿ: ಒಂದು ಫೋಲ್ಡರ್ ಕಟ್ಟಿ, ಬ್ಯಾಕಪ್ ತೆಗೆದು, ಬೇರೆ ಕಂಟೇನರ್‌ನಲ್ಲಿ ಮರಳಿ ಪಡೆದು, ಎರಡನ್ನೂ ಬೈಟ್ ಬೈಟಿಗೆ ಹೋಲಿಸಬೇಕು. ಕಡತದ ಒಳಗಿನ ಮಾಹಿತಿ ಮಾತ್ರ ಹೋಲಿಸಿದರೆ ಸಾಲದು. ಮಾಲೀಕತ್ವ, ಅನುಮತಿಗಳು, ತಿದ್ದಿದ ಸಮಯ, ಸಾಂಕೇತಿಕ ಕೊಂಡಿಗಳು, ಹಾರ್ಡ್ ಲಿಂಕ್‌ಗಳು, ವಿಸ್ತೃತ ಗುಣಲಕ್ಷಣಗಳು ಇವೂ ಹೊಂದಬೇಕು. ನಡುವೆ ಖಾಲಿ ಜಾಗ ಬಿಟ್ಟ ದೊಡ್ಡ ಕಡತಗಳನ್ನು ವಿಶೇಷವಾಗಿ ನೋಡಿ. ವರ್ಚುವಲ್ ಯಂತ್ರದ ಡಿಸ್ಕ್ ಕಡತ 100 ಜಿಬಿ ಎಂದು ತೋರಿಸುತ್ತಾ ನಿಜವಾಗಿ 8 ಜಿಬಿ ಮಾತ್ರ ಹಿಡಿದಿರಬಹುದು. ಮರಳಿ ಪಡೆಯುವಾಗ ಅದು ಪೂರ್ತಿ 100 ಜಿಬಿಯಾಗಿ ಹಿಗ್ಗಿದರೆ ಬಳಕೆದಾರರ ಡಿಸ್ಕ್ ತುಂಬಿಹೋಗುತ್ತದೆ.

ಕಡತಗಳ ಹೆಸರಿನ ವಿಷಯವನ್ನು ನಮ್ಮವರು ಯಾರಾದರೂ ಗಟ್ಟಿಯಾಗಿ ಹೇಳಲೇಬೇಕು, ಇಂಗ್ಲಿಷ್ ಹೆಸರುಗಳಲ್ಲೇ ಪರೀಕ್ಷೆ ನಡೆಸುವವರಿಗೆ ಇದು ಹೊಳೆಯುವುದಿಲ್ಲ. ಲಿನಕ್ಸ್‌ನ ಎಕ್ಸ್‌ಟಿ4 ಕಡತವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ‘ಕ್ಷೇತ್ರ’ ಎಂಬುದು ಕಣ್ಣಿಗೆ ಎರಡು ಅಕ್ಷರ. ಯಂತ್ರದ ಲೆಕ್ಕದಲ್ಲಿ ಕ, ವಿರಾಮ ಚಿಹ್ನೆ, ಷ, ಏತ್ವ, ತ, ವಿರಾಮ ಚಿಹ್ನೆ, ರ ಎಂದು ಏಳು ಸಂಕೇತ, ಅಂದರೆ 21 ಬೈಟ್. ಒಟ್ಟು 85 ಸಂಕೇತಕ್ಕೆ ಮಿತಿ ಮುಗಿಯುತ್ತದೆ. ‘ಅಜ್ಜನ ಜಮೀನಿನ ಪಹಣಿ ಮತ್ತು ಮ್ಯುಟೇಷನ್ ಪತ್ರಗಳು’ ಎಂದು ಶುರುವಾಗಿ ಊರು, ಹೋಬಳಿ, ವರ್ಷವನ್ನೆಲ್ಲ ಸೇರಿಸಿಕೊಂಡ ಕಡತದ ಹೆಸರು ಈ ಮಿತಿಯ ಅಂಚಿಗೆ ಸುಲಭವಾಗಿ ಬರುತ್ತದೆ. ಮರಳಿ ಪಡೆಯುವಾಗ ನಿಮ್ಮ ಪ್ರೋಗ್ರಾಂ ತಾತ್ಕಾಲಿಕವಾಗಿ ಹೆಸರಿನ ಕೊನೆಗೆ ನಾಲ್ಕು ಅಕ್ಷರ ಸೇರಿಸಿದರೂ ಮಿತಿ ದಾಟಿ ಕಡತ ಸೃಷ್ಟಿಯಾಗದೆ ಉಳಿಯುತ್ತದೆ. ಹಳೆಯ ಉಬುಂಟು ಯಂತ್ರಗಳ ಎನ್‌ಕ್ರಿಪ್ಟ್ ಮಾಡಿದ ಹೋಮ್ ಫೋಲ್ಡರ್‌ನಲ್ಲಿ, ಅಂದರೆ ಇಕ್ರಿಪ್ಟ್‌ಎಫ್‌ಎಸ್‌ನಲ್ಲಿ, ಮಿತಿ ಇನ್ನೂ ಕಡಿಮೆ, 143 ಬೈಟ್. ತಾತ್ಕಾಲಿಕ ಕಡತಕ್ಕೆ ಮೂಲ ಹೆಸರಿನ ಸಂಬಂಧವೇ ಇಲ್ಲದ ಚಿಕ್ಕ ಹೆಸರು ಕೊಡುವುದು ಸರಿಯಾದ ದಾರಿ.

ಇನ್ನೊಂದು ಬಲೆ ಓತ್ವದಲ್ಲಿದೆ. ‘ಫೋಟೋ’ದ ಓತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಚಿಹ್ನೆ ಎಂದು ಮೂರು ಸಂಕೇತಗಳಾಗಿ ಒಡೆದೂ ಬರೆಯಬಹುದು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಒಡೆದೇ ಇಡುತ್ತಿತ್ತು. ಅಲ್ಲಿಂದ ಬಂದ ಕಡತ ಮತ್ತು ಇಲ್ಲಿ ಟೈಪ್ ಮಾಡಿದ ಕಡತ ಒಂದೇ ಫೋಲ್ಡರ್‌ನಲ್ಲಿ, ಕಣ್ಣಿಗೆ ಒಂದೇ ಹೆಸರಿನಲ್ಲಿ, ಎರಡಾಗಿ ಇರಬಹುದು. ಲಿನಕ್ಸ್‌ಗೆ ಹೆಸರು ಎಂದರೆ ಬೈಟ್‌ಗಳ ಸಾಲು ಅಷ್ಟೇ. ನಿಮ್ಮ ಪ್ರೋಗ್ರಾಂ ‘ಸರಿಪಡಿಸಲು’ ಹೋಗಿ ಎರಡನ್ನೂ ಒಂದೇ ರೂಪಕ್ಕೆ ತಂದರೆ ಒಂದು ಕಡತದ ಮೇಲೆ ಇನ್ನೊಂದು ಬರೆದುಹೋಗುತ್ತದೆ. ಹೆಸರನ್ನು ಬೈಟ್‌ಗಳಾಗಿಯೇ ಉಳಿಸಿ, ಪರದೆಗೆ ತೋರಿಸುವಾಗ ಮಾತ್ರ ಅಕ್ಷರವಾಗಿಸಿ. ಕ್ರಾನ್‌ನಂತಹ ಸಮಯಪಾಲಕದ ಮೂಲಕ ಓಡುವಾಗ ಭಾಷೆಯ ವ್ಯವಸ್ಥೆ ಬರಿಯ ‘ಸಿ’, ಅಂದರೆ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲ ಸ್ಥಿತಿ, ಆಗಿರುವುದುಂಟು. ಕನ್ನಡ ಹೆಸರಿನ ಕಡತಗಳಿರುವ ಫೋಲ್ಡರನ್ನು ಆ ಸ್ಥಿತಿಯಲ್ಲೂ ಒಮ್ಮೆ ಬ್ಯಾಕಪ್ ಮಾಡಿ ನೋಡಿ.

ಕೆಡಿಸಿ ನೋಡುವ ಪರೀಕ್ಷೆಗಳು ಇಷ್ಟಾದರೂ ಇರಲಿ: ನಡುವೆ ಪ್ರೋಗ್ರಾಂ ಅನ್ನು ಬಲವಂತವಾಗಿ ಕೊಲ್ಲುವುದು, ಸಂಗ್ರಹದ ಡಿಸ್ಕ್ ಪೂರ್ತಿ ತುಂಬುವುದು, ಸಂಗ್ರಹದಲ್ಲಿ ಒಂದು ಬೈಟ್ ಬದಲಾಯಿಸುವುದು, ಓದುವಾಗಲೇ ಕಡತವನ್ನು ಅಳಿಸುವುದು. ಪ್ರತಿ ಸಲವೂ ಹಿಂದಿನ ಬ್ಯಾಕಪ್‌ಗಳು ಹಾಗೆಯೇ ಉಳಿದಿರಬೇಕು, ತಪ್ಪಿನ ಸಂದೇಶ ಬರಬೇಕು, ಪ್ರೋಗ್ರಾಂ ಮರಳಿಸುವ ಸ್ಥಿತಿಸಂಖ್ಯೆ ಸೊನ್ನೆಯಾಗಿರಬಾರದು. ಒಂದೇ ಒಂದು ಕಡತ ಓದಲಾಗದಿದ್ದರೂ ಸೊನ್ನೆ ಮರಳಿಸಿ ಯಶಸ್ಸು ಎಂದು ಹೇಳುವುದನ್ನು ನಾನು ಅಪ್ರಾಮಾಣಿಕತೆ ಎಂದೇ ಕರೆಯುತ್ತೇನೆ.

ಹಂತ 4: ಟ್ಯಾಗ್, ಟಾರ್ ಕಟ್ಟು, ಸಹಿ

ಗಿಟ್‌ನಲ್ಲಿ ಬಿಡುಗಡೆಯ ಬಿಂದುವಿಗೆ ಸಹಿ ಹಾಕಿದ ಟ್ಯಾಗ್, ಅಂದರೆ ಗುರುತಿನ ಹೆಸರು, ಕೊಡಿ. ಟ್ಯಾಗ್ ಆದೇಶಕ್ಕೆ ‘-ಎಸ್’ ಆಯ್ಕೆ ಸೇರಿಸಿದರೆ ಜಿಪಿಜಿ ಸಹಿ ಬೀಳುತ್ತದೆ. ಆ ಟ್ಯಾಗ್‌ನಿಂದಲೇ ಮೂಲಸಂಕೇತದ ಟಾರ್ ಕಟ್ಟನ್ನು, ಅಂದರೆ ಕಡತಗಳನ್ನೆಲ್ಲ ಸೇರಿಸಿದ ಒಂದೇ ಕಡತವನ್ನು, ತಯಾರಿಸಿ, ಅದರ ಶಾ-256 ಮೊತ್ತವನ್ನೂ ಸಹಿ ಕಡತವನ್ನೂ ಪಕ್ಕದಲ್ಲೇ ಪ್ರಕಟಿಸಿ. ಶಾ-256 ಮೊತ್ತ ಕಡತದ ಬೆರಳಚ್ಚು ಇದ್ದಂತೆ. ಒಂದು ಬೈಟ್ ಬದಲಾದರೂ ಮೊತ್ತ ಬೇರೆಯಾಗುತ್ತದೆ.

ಜಾಲತಾಣ ತಾನಾಗಿ ತಯಾರಿಸಿಕೊಡುವ ಕಟ್ಟನ್ನು ನೆಚ್ಚಿಕೊಳ್ಳಬೇಡಿ. 2023ರ ಜನವರಿಯಲ್ಲಿ ಗಿಟ್‌ಹಬ್ ಇಂತಹ ಕಟ್ಟುಗಳನ್ನು ಕುಗ್ಗಿಸುವ ಕ್ರಮವನ್ನು ಬದಲಿಸಿದಾಗ, ಒಳಗಿನ ಸಂಕೇತ ಅದೇ ಇದ್ದರೂ ಮೊತ್ತಗಳು ಬೇರೆಯಾಗಿ, ಅವನ್ನು ನಂಬಿದ್ದ ಪ್ಯಾಕೇಜ್‌ಗಳು ಎಲ್ಲೆಡೆ ಮುರಿದುಬಿದ್ದವು. ಆ ಬದಲಾವಣೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ನೀವೇ ಕಟ್ಟು ತಯಾರಿಸಿ ಏರಿಸಿದರೆ ಈ ತಲೆನೋವು ಇಲ್ಲ.

ಟಾರ್ ಕಟ್ಟಿನಲ್ಲಿ ಗಿಟ್‌ನಲ್ಲಿಲ್ಲದ ಯಾವುದೂ ನುಸುಳಬಾರದು. 2024ರ ಮಾರ್ಚ್ ಕೊನೆಯಲ್ಲಿ ಬಯಲಾದ, ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದ ಹಿಂಬಾಗಿಲಿನ ಪ್ರಕರಣದ ತಿರುಳು ಇದೇ. 5.6.0 ಮತ್ತು 5.6.1 ಆವೃತ್ತಿಗಳ ಟಾರ್ ಕಟ್ಟಿನಲ್ಲಿ ಗಿಟ್‌ನಲ್ಲಿಲ್ಲದ ಒಂದು ಕಟ್ಟುವಿಕೆಯ ಸ್ಕ್ರಿಪ್ಟ್ ಇತ್ತು, ಅದು ಪರೀಕ್ಷಾ ಕಡತಗಳೆಂಬ ಸೋಗಿನಲ್ಲಿದ್ದ ಬೈನರಿ ಕಡತಗಳಿಂದ ವಿಷವನ್ನು ಹೊರತೆಗೆಯುತ್ತಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಡೆವಲಪರ್ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾದುದನ್ನು ಬೆನ್ನಟ್ಟಿ ಅದನ್ನು ಪತ್ತೆಹಚ್ಚಿದರು. ಬ್ಯಾಕಪ್ ಬರೆಯುವವರು ಇದನ್ನು ಇನ್ನಷ್ಟು ಗಮನಿಸಬೇಕು. ಹಳೆಯ ವಿನ್ಯಾಸದ ಮಾದರಿ ಸಂಗ್ರಹಗಳನ್ನು ಬೈನರಿ ಕಡತಗಳಾಗಿ ಪರೀಕ್ಷಾ ಫೋಲ್ಡರ್‌ನಲ್ಲಿಡುವುದು ನಮ್ಮ ನಿತ್ಯದ ರೂಢಿ. ಪ್ರತಿಯೊಂದನ್ನೂ ಯಾವ ಆವೃತ್ತಿಯಿಂದ, ಯಾವ ಸ್ಕ್ರಿಪ್ಟ್‌ನಿಂದ ತಯಾರಿಸಿದಿರಿ ಎಂದು ಬರೆದಿಡಿ. ಬೇರೆಯವರು ಅದೇ ಸ್ಕ್ರಿಪ್ಟ್ ಓಡಿಸಿ ಪರಿಶೀಲಿಸಲು ಸಾಧ್ಯವಾಗಲಿ.

ಯಾರು ಕಟ್ಟಿದರೂ ಒಂದೇ ಬೈನರಿ ಬರುವಂತೆ ಮಾಡುವುದು ಮುಂದಿನ ಮೆಟ್ಟಿಲು. ಸಂಕೇತದೊಳಗೆ ಕಟ್ಟಿದ ದಿನಾಂಕ ಸೇರಿಸಬೇಡಿ. ಸೇರಿಸಲೇಬೇಕಿದ್ದರೆ ‘ಸೋರ್ಸ್ ಡೇಟ್ ಇಪೋಕ್’ ಎಂಬ ಪರಿಸರ ಚಲಕದಿಂದ ಅದನ್ನು ತೆಗೆದುಕೊಳ್ಳಿ. ಡಿಸ್ಟ್ರೋಗಳೆಲ್ಲ ಈ ಪದ್ಧತಿಯನ್ನು ಬಲ್ಲವು.

ಎಚ್ಚರಿಕೆ: ಬಿಡುಗಡೆ ಮಾಡಿದ ಗಂಟೆಯಲ್ಲೇ ತಪ್ಪು ಕಂಡರೂ ಅದೇ ಟ್ಯಾಗ್ ಅಳಿಸಿ ಮತ್ತೆ ಹಾಕಬೇಡಿ. 1.4.2 ಕೆಟ್ಟಿತೇ, 1.4.3 ಬಿಡಿ. ಅಂಕಿಗಳಿಗೇನೂ ಬರವಿಲ್ಲ.

ಹಂತ 5: ಕಡತಗಳು ಎಲ್ಲಿ ಕೂರಬೇಕು

ಪ್ರೋಗ್ರಾಂ ‘/ಯುಎಸ್‌ಆರ್/ಬಿನ್’ನಲ್ಲಿ, ಇಡೀ ಯಂತ್ರದ ಸಂಯೋಜನೆ ‘/ಇಟಿಸಿ’ಯಲ್ಲಿ, ಬಳಕೆದಾರರ ಸಂಯೋಜನೆ ಅವರ ಹೋಮ್‌ನ ‘.ಕಾನ್ಫಿಗ್’ನಲ್ಲಿ, ತಾತ್ಕಾಲಿಕ ದಾಸ್ತಾನು ‘.ಕ್ಯಾಶ್’ನಲ್ಲಿ. ದಾಸ್ತಾನಿನ ಫೋಲ್ಡರ್‌ನಲ್ಲಿ ‘ಕ್ಯಾಶ್‌ಡಿರ್ ಟ್ಯಾಗ್’ ಎಂಬ ಗುರುತಿನ ಕಡತ ಇಡಿ. ಬೇರೆ ಬ್ಯಾಕಪ್ ತಂತ್ರಾಂಶಗಳು ಅದನ್ನು ನೋಡಿ ಆ ಫೋಲ್ಡರನ್ನು ಬಿಟ್ಟುಬಿಡಬಲ್ಲವು. ನಿಮ್ಮದೂ ಬೇರೆಯವರ ಗುರುತನ್ನು ಗೌರವಿಸಲಿ.

ದಿನವೂ ಓಡಲು, ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಟೈಮರ್ ಕಡತವೊಂದನ್ನು ಕೊಡಿ. ಅದರಲ್ಲಿ ‘ಪರ್ಸಿಸ್ಟೆಂಟ್’ ಆಯ್ಕೆ ಇರಲೇಬೇಕು. ರಾತ್ರಿ ಎರಡು ಗಂಟೆಗೆ ಲ್ಯಾಪ್‌ಟಾಪ್ ಆರಿದ್ದರೆ ತಪ್ಪಿಹೋದ ಬ್ಯಾಕಪ್ ಮುಂದಿನ ಸಲ ಯಂತ್ರ ಹೊತ್ತಿದಾಗ ಓಡುವುದು ಇದರಿಂದಲೇ. ಆದರೆ ಪ್ಯಾಕೇಜ್ ಅನುಸ್ಥಾಪಿಸಿದ ಮಾತ್ರಕ್ಕೆ ಟೈಮರ್ ಶುರುವಾಗಬಾರದು. ಏನನ್ನು, ಎಲ್ಲಿಗೆ ಬ್ಯಾಕಪ್ ಮಾಡಬೇಕೆಂದು ಬಳಕೆದಾರರು ಇನ್ನೂ ಹೇಳಿಯೇ ಇಲ್ಲ. ಡೆಬಿಯನ್ನಿನ ಉಪಕರಣಗಳು ಟೈಮರನ್ನು ತಾವಾಗಿ ಚಾಲೂ ಮಾಡುತ್ತವೆ. ‘ಡಿಎಚ್ ಇನ್‌ಸ್ಟಾಲ್‌ಸಿಸ್ಟಂಡಿ’ಗೆ ‘ನೋ-ಎನೇಬಲ್’, ‘ನೋ-ಸ್ಟಾರ್ಟ್’ ಎರಡನ್ನೂ ಹೇಳಿ ತಡೆಯಬೇಕು.

ಹಂತ 6: ಡೆಬಿಯನ್ ಪ್ಯಾಕೇಜ್

ಇದನ್ನೇ ಮೊದಲು ಮಾಡಿ ಎನ್ನುತ್ತೇನೆ. ಡೆಬಿಯನ್ನಿಗೆ ಸೇರಿದ್ದು ಉಬುಂಟು, ಮಿಂಟ್‌ಗಳಿಗೂ ಹರಿದುಹೋಗುತ್ತದೆ. ನಿಯಮಗಳೂ ಇಲ್ಲೇ ಹೆಚ್ಚು ಬಿಗಿ, ಇಲ್ಲಿ ಪಾಸಾದರೆ ಉಳಿದ ಕಡೆ ಹಾದಿ ಸಲೀಸು.

ಮೂಲಸಂಕೇತದೊಳಗೆ ‘ಡೆಬಿಯನ್’ ಎಂಬ ಫೋಲ್ಡರ್ ಬೇಕು, ಅದರಲ್ಲಿ ನಾಲ್ಕು ಮುಖ್ಯ ಕಡತಗಳು. ‘ಕಂಟ್ರೋಲ್’ನಲ್ಲಿ ಹೆಸರು, ವಿವರಣೆ, ಅವಲಂಬನೆಗಳು, ಅಂದರೆ ನಿಮ್ಮ ಪ್ರೋಗ್ರಾಂ ಓಡಲು ಬೇಕಾದ ಇತರ ಪ್ಯಾಕೇಜ್‌ಗಳು. ‘ಚೇಂಜ್‌ಲಾಗ್’ನಲ್ಲಿ ಆವೃತ್ತಿಗಳ ಇತಿಹಾಸ. ‘ಕಾಪಿರೈಟ್’ನಲ್ಲಿ ಮೊದಲ ಹಂತದಲ್ಲಿ ಮಾಡಿದ ಪರವಾನಗಿ ಪಟ್ಟಿ. ‘ರೂಲ್ಸ್’ನಲ್ಲಿ ಕಟ್ಟುವ ವಿಧಾನ; ಡೆಬ್‌ಹೆಲ್ಪರ್ ಬಳಸಿದರೆ ಅದು ಮೂರು ನಾಲ್ಕು ಸಾಲಿಗೆ ಮುಗಿಯುತ್ತದೆ. ಪ್ಯಾಕೇಜ್ ಹೆಸರಿನಲ್ಲಿ ರೋಮನ್ ಸಣ್ಣಕ್ಷರ, ಅಂಕಿ, ಕೂಡು ಮತ್ತು ಕಳೆ ಚಿಹ್ನೆ, ಚುಕ್ಕಿ ಇಷ್ಟಕ್ಕೇ ಅವಕಾಶ. ತಂತ್ರಾಂಶಕ್ಕೆ ಕನ್ನಡದ ಹೆಸರಿಟ್ಟಿದ್ದರೆ ಅದರ ಸರಳ ರೋಮನ್ ರೂಪವೊಂದನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ.

ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ ಆದೇಶದಿಂದ ಪ್ಯಾಕೇಜ್ ಕಟ್ಟಿ, ಲಿಂಟಿಯನ್‌ನಿಂದ ತಪಾಸಣೆ ಮಾಡಿ. ನಿಮ್ಮ ಯಂತ್ರದಲ್ಲಿ ಕಟ್ಟಿತೆಂದರೆ ಎಲ್ಲೆಡೆ ಕಟ್ಟುತ್ತದೆ ಎಂದಲ್ಲ, ಎಂದೋ ಹಾಕಿಕೊಂಡಿದ್ದ ಲೈಬ್ರರಿಗಳು ನಿಮ್ಮಲ್ಲಿರುತ್ತವೆ. ಎಸ್‌ಬಿಲ್ಡ್ ಎಂಬ ಉಪಕರಣ ಬರಿದಾದ ಪರಿಸರದಲ್ಲಿ ಕಟ್ಟಿ ತೋರಿಸುತ್ತದೆ. ಡೆಬಿಯನ್ನಿನಲ್ಲಿ ಕಟ್ಟುವಾಗ ಇಂಟರ್‌ನೆಟ್ ಬಳಸುವಂತಿಲ್ಲ. ಗೋ ಅಥವಾ ರಸ್ಟ್ ಭಾಷೆಯಲ್ಲಿ ಬರೆದವರು ಮುಗ್ಗರಿಸುವುದು ಇಲ್ಲೇ, ಆ ಭಾಷೆಗಳ ಉಪಕರಣಗಳು ಕಟ್ಟುವಾಗ ಲೈಬ್ರರಿಗಳನ್ನು ಜಾಲದಿಂದ ಇಳಿಸಿಕೊಳ್ಳುತ್ತವೆ. ನೀವು ಬಳಸುವ ಪ್ರತಿ ಲೈಬ್ರರಿಯೂ ಡೆಬಿಯನ್ನಿನಲ್ಲಿ ಪ್ಯಾಕೇಜ್ ಆಗಿದೆಯೇ ಎಂದು ಮೊದಲೇ ನೋಡಿ. ಚಿಕ್ಕಪುಟ್ಟ ಕೆಲಸಕ್ಕೆ ಹತ್ತು ಲೈಬ್ರರಿ ಎಳೆದುಕೊಂಡಿದ್ದರೆ ಕಡಿಮೆ ಮಾಡಲು ಇದೇ ಸಮಯ.

ಪರೀಕ್ಷಾರ್ಥ ಬಿಡುಗಡೆಗೆ ಹೆಸರಿಡುವಾಗ ಟಿಲ್ಡೆ (~) ಎಂಬ ಅಲೆಗೆರೆ ನೆನಪಿರಲಿ. 1.5.0~ಆರ್‌ಸಿ1 ಎಂದು ಟಿಲ್ಡೆ ಚಿಹ್ನೆಯೊಂದಿಗೆ ಬರೆದರೆ ಅದು 1.5.0ಕ್ಕಿಂತ ಹಳೆಯದೆಂದು ಡೆಬಿಯನ್ ಲೆಕ್ಕ ಹಾಕುತ್ತದೆ. ಟಿಲ್ಡೆ ಬಿಟ್ಟು ಬರಿದೇ 1.5.0ಆರ್‌ಸಿ1 ಎಂದರೆ ಅದೇ ಹೊಸದಾಗಿಬಿಡುತ್ತದೆ. ಪರೀಕ್ಷಿಸಿ ಕೊಟ್ಟ ಬಳಕೆದಾರರಿಗೆ ನಿಜವಾದ 1.5.0 ಬರುವುದೇ ಇಲ್ಲ.

ಈ ಲೇಖನದಲ್ಲಿ ಒಂದೇ ಎಚ್ಚರಿಕೆ ನೆನಪಿಡುವುದಾದರೆ ಇದನ್ನು ನೆನಪಿಡಿ. ಡೆಬಿಯನ್ನಿನಲ್ಲಿ ಪ್ಯಾಕೇಜ್ ‘ರಿಮೂವ್’ ಮಾಡುವುದು ಬೇರೆ, ‘ಪರ್ಜ್’ ಮಾಡುವುದು ಬೇರೆ. ಪರ್ಜ್ ಎಂದರೆ ಸಂಯೋಜನೆಯ ಕಡತಗಳನ್ನೂ ಸೇರಿಸಿ ಬೇರು ಸಮೇತ ತೆಗೆಯುವುದು. ‘/ಇಟಿಸಿ’ಯಲ್ಲಿರುವ ನಿಮ್ಮ ಫೋಲ್ಡರನ್ನು ಪೂರ್ತಿ ಅಳಿಸುವ ಸಾಲೊಂದನ್ನು, ಪ್ಯಾಕೇಜ್ ತೆಗೆದ ಮೇಲೆ ಓಡುವ ಪೋಸ್ಟ್‌ಆರ್‌ಎಂ ಸ್ಕ್ರಿಪ್ಟ್‌ನಲ್ಲಿ ಬರೆದಿದ್ದೀರಿ, ಬಳಕೆದಾರರ ಎನ್‌ಕ್ರಿಪ್ಷನ್ ಕೀಲಿಯೂ ಅಲ್ಲೇ ಇದೆ ಎಂದುಕೊಳ್ಳಿ. ಪ್ಯಾಕೇಜ್ ಕೆಟ್ಟಿದೆ, ಪೂರ್ತಿ ತೆಗೆದು ಮತ್ತೆ ಹಾಕೋಣ ಎಂದು ಅವರು ಪರ್ಜ್ ಮಾಡಿದ ಕ್ಷಣ ಕೀಲಿ ಹೋಯಿತು. ಸಂಗ್ರಹ ಡಿಸ್ಕಿನಲ್ಲಿ ಭದ್ರವಾಗಿದೆ, ತೆರೆಯಲು ಮಾತ್ರ ಇನ್ನೆಂದೂ ಆಗದು. ಕೀಲಿಯನ್ನಾಗಲಿ ಸಂಗ್ರಹವನ್ನಾಗಲಿ ಯಾವ ಸ್ಕ್ರಿಪ್ಟೂ ಮುಟ್ಟಬಾರದು. ಕೀಲಿ ಸೃಷ್ಟಿಯಾದ ಕ್ಷಣವೇ ಅದರ ಪ್ರತಿಯನ್ನು ಬೇರೆಡೆ ಇಡುವಂತೆ ಪ್ರೋಗ್ರಾಂ ಕೇಳಬೇಕು, ಕಾಗದದ ಮೇಲೆ ಮುದ್ರಿಸಲು ಅನುಕೂಲವಿದ್ದರೆ ಇನ್ನೂ ಒಳ್ಳೆಯದು.

ಅಧಿಕೃತ ಭಂಡಾರಕ್ಕೆ ಸೇರಲು ಮೊದಲು ‘ಐಟಿಪಿ’ ಎಂಬ ಪ್ಯಾಕೇಜ್ ಮಾಡುವ ಇಂಗಿತವನ್ನು ಡೆಬಿಯನ್ನಿನ ದೋಷಪಟ್ಟಿಯಲ್ಲಿ ದಾಖಲಿಸಬೇಕು, ಪ್ಯಾಕೇಜನ್ನು ಮೆಂಟರ್ಸ್ ತಾಣಕ್ಕೆ ಏರಿಸಿ, ಅದನ್ನು ಪರಿಶೀಲಿಸಿ ಒಳಗೆ ಕಳುಹಿಸುವ ಒಬ್ಬ ಡೆಬಿಯನ್ ಡೆವಲಪರ್ ಅನ್ನು ಹುಡುಕಿಕೊಳ್ಳಬೇಕು. ಅಂಥವರಿಗೆ ಸ್ಪಾನ್ಸರ್ ಎನ್ನುತ್ತಾರೆ. ಆಮೇಲೆ ಹೊಸ ಪ್ಯಾಕೇಜ್‌ಗಳ ಸರದಿಯಲ್ಲಿ ಪರವಾನಗಿಗಳ ತಪಾಸಣೆ ನಡೆಯುತ್ತದೆ. ಇದಕ್ಕೆ ವಾರಗಳೂ ಆಗಬಹುದು, ತಿಂಗಳುಗಳೂ ಆಗಬಹುದು. ಅಲ್ಲಿಯವರೆಗೆ ಉಬುಂಟು ಬಳಕೆದಾರರಿಗೆ ಲಾಂಚ್‌ಪ್ಯಾಡ್ ತಾಣದ ಪಿಪಿಎ ಎಂಬ ಸ್ವಂತ ಭಂಡಾರದ ಮೂಲಕ ಕೊಡಬಹುದು. ಡೆಬಿಯನ್ನಿನ ಸ್ಥಿರ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ (ಬುಕ್‌ವರ್ಮ್ 2023ರಲ್ಲಿ, ಟ್ರಿಕ್ಸಿ 2025ರಲ್ಲಿ), ಅದಕ್ಕೆ ಕೆಲವು ತಿಂಗಳ ಮುಂಚೆಯೇ ಹೊಸ ಆವೃತ್ತಿಗಳಿಗೆ ಬಾಗಿಲು ಮುಚ್ಚುತ್ತದೆ. ಆಗ ಒಳಗಿರುವ ನಿಮ್ಮ ಆವೃತ್ತಿ ವರ್ಷಗಟ್ಟಲೆ ಜನರ ಯಂತ್ರಗಳಲ್ಲಿ ಇರುತ್ತದೆ. ಆದ್ದರಿಂದ ಬಾಗಿಲು ಮುಚ್ಚುವ ಹೊತ್ತಿಗೆ ಹೊಸ ಸೌಲಭ್ಯ ತುರುಕಬೇಡಿ, ದೋಷ ತಿದ್ದಿದ ಗಟ್ಟಿ ಆವೃತ್ತಿಯನ್ನೇ ಕೊಡಿ.

ಹಂತ 7: ಫೆಡೋರಾ ಮತ್ತು ಆರ್ಚ್

ಫೆಡೋರಾದಲ್ಲಿ ಎಲ್ಲ ವಿವರವೂ ಒಂದೇ ‘ಸ್ಪೆಕ್’ ಕಡತದಲ್ಲಿರುತ್ತದೆ. ಬರಿದಾದ ಪರಿಸರದಲ್ಲಿ ಕಟ್ಟಲು ಮಾಕ್, ತಪಾಸಣೆಗೆ ಆರ್‌ಪಿಎಂಲಿಂಟ್. ಸಂಯೋಜನೆಯ ಕಡತವನ್ನು ‘ಕಾನ್ಫಿಗ್ ನೋರಿಪ್ಲೇಸ್’ ಎಂದು ಗುರುತಿಸಲು ಮರೆಯಬೇಡಿ. ಮರೆತರೆ ಹೊಸ ಆವೃತ್ತಿ ಬಂದಾಗ ಬಳಕೆದಾರರು ತಿದ್ದಿದ ಕಡತ ಪಕ್ಕಕ್ಕೆ ಸರಿದು ನಿಮ್ಮ ಮೂಲ ಕಡತ ಅದರ ಜಾಗದಲ್ಲಿ ಕೂರಬಹುದು, ಅವರ ಬ್ಯಾಕಪ್ ಸದ್ದಿಲ್ಲದೆ ಬೇರೆ ಫೋಲ್ಡರ್‌ಗಳಿಗೆ ಓಡತೊಡಗುತ್ತದೆ. ಆರಂಭದಲ್ಲಿ ಕೋಪರ್ ಸೇವೆಯಲ್ಲಿ ಹಂಚಿ, ಜನ ಬಳಸತೊಡಗಿದ ಮೇಲೆ ಅಧಿಕೃತ ಪರಿಶೀಲನೆಗೆ ಅರ್ಜಿ ಹಾಕಿ.

ಆರ್ಚ್‌ಗೆ ‘ಪಿಕೆಜಿಬಿಲ್ಡ್’ ಎಂಬ ಚಿಕ್ಕ ಸ್ಕ್ರಿಪ್ಟ್ ಸಾಕು, ಎಯುಆರ್ ಎಂಬ ಬಳಕೆದಾರರ ಭಂಡಾರಕ್ಕೆ ಯಾರು ಬೇಕಾದರೂ ಏರಿಸಬಹುದು. ನಿಮಗಿಂತ ಮೊದಲು ಇನ್ನೊಬ್ಬರು ಏರಿಸಿಬಿಟ್ಟಿದ್ದರೆ ಅವರೊಡನೆ ಮಾತಾಡಿ, ಪೈಪೋಟಿಗೆ ಎರಡನೆಯದನ್ನು ಹಾಕಬೇಡಿ.

ಹಂತ 8: ಎಲ್ಲ ಡಿಸ್ಟ್ರೋಗೂ ಒಂದೇ ಕಟ್ಟು?

ಫ್ಲಾಟ್‌ಪ್ಯಾಕ್ ಎಂಬುದು ಯಾವ ಡಿಸ್ಟ್ರೋಗೂ ಹೊಂದುವ ಪ್ಯಾಕೇಜ್ ಪದ್ಧತಿ, ಅದು ಪ್ರೋಗ್ರಾಂ ಅನ್ನು ಒಂದು ಆವರಣದೊಳಗೆ ಕೂಡಿಹಾಕಿ ಓಡಿಸುತ್ತದೆ. ಬ್ಯಾಕಪ್ ಪ್ರೋಗ್ರಾಂಗೆ ಬೇಕಾದದ್ದು ಎಲ್ಲ ಕಡತಗಳ ಪ್ರವೇಶ. ಇಡೀ ಹೋಸ್ಟ್‌ನ ಅನುಮತಿ ಕೇಳಿ ಪಡೆದರೂ ‘/ಇಟಿಸಿ’, ‘/ಯುಎಸ್‌ಆರ್’ ತಮ್ಮ ಜಾಗದಲ್ಲಿ ಕಾಣುವುದಿಲ್ಲ, ರೂಟ್ ಅಧಿಕಾರವೂ ಸಿಗುವುದಿಲ್ಲ. ಹೋಮ್ ಫೋಲ್ಡರ್ ಮಾತ್ರ ಬ್ಯಾಕಪ್ ಮಾಡುವ ಚಿತ್ರಾತ್ಮಕ ಪ್ರೋಗ್ರಾಂ ಆದರೆ ಇದು ಒಳ್ಳೆಯ ದಾರಿ. ಬೋರ್ಗ್ ಆಧಾರಿತ ಪೀಕಾ ಬ್ಯಾಕಪ್ ಫ್ಲಾಟ್‌ಹಬ್ ಭಂಡಾರದಲ್ಲಿ ಹೀಗೆಯೇ ಸಿಗುತ್ತದೆ. ಇಡೀ ಯಂತ್ರದ ಬ್ಯಾಕಪ್ ನಿಮ್ಮ ಗುರಿಯಾದರೆ ಫ್ಲಾಟ್‌ಪ್ಯಾಕ್ ಬಿಡಿ.

ನನ್ನ ಒಲವು ಸ್ಥಿರ ಬೈನರಿಯ ಕಡೆಗೆ, ಅಂದರೆ ಬೇಕಾದ ಲೈಬ್ರರಿಗಳನ್ನೆಲ್ಲ ಒಳಗೇ ಸೇರಿಸಿಕೊಂಡ ಒಂದೇ ಕಡತ. ಡಿಸ್ಕ್ ಹೋಗಿ, ಪೆನ್‌ಡ್ರೈವ್‌ನಿಂದ ಹೊತ್ತಿಸಿದ ಯಾವುದೋ ಲಿನಕ್ಸ್‌ನಲ್ಲಿ ಕುಳಿತ ಬಳಕೆದಾರರಿಗೆ ಏನನ್ನೂ ಅನುಸ್ಥಾಪಿಸದೆ ಓಡುವ ಪ್ರೋಗ್ರಾಂ ಬೇಕಿರುತ್ತದೆ. ಸಾಮಾನ್ಯ ರೀತಿಯಲ್ಲಿ ಕಟ್ಟಿದ ಬೈನರಿ ಅಲ್ಲಿ ಕೈಕೊಡಬಹುದು. ಉಬುಂಟು 24.04ರಲ್ಲಿ ಕಟ್ಟಿದ್ದು ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯ 2.39ಕ್ಕೆ ಹೊಂದಿರುತ್ತದೆ, ಡೆಬಿಯನ್ 12ರಲ್ಲಿ 2.36 ಇರುವುದರಿಂದ ಓಡಲು ನಿರಾಕರಿಸಬಹುದು. ಸ್ಥಿರ ಬೈನರಿ ಸಾಧ್ಯವಿಲ್ಲದಿದ್ದರೆ ನೀವು ಬೆಂಬಲಿಸುವ ಅತ್ಯಂತ ಹಳೆಯ ಡಿಸ್ಟ್ರೋದಲ್ಲಿ ಕಟ್ಟಿ. ಎಎಂಡಿ64 ಪ್ರೊಸೆಸರ್‌ಗಳ ಜೊತೆಗೆ ಎಆರ್‌ಎಂ64ಕ್ಕೂ ಕೊಡಿ, ಮನೆಗಳಲ್ಲಿ ರಾಸ್ಪ್‌ಬೆರಿ ಪೈಯನ್ನೇ ಬ್ಯಾಕಪ್ ಸರ್ವರ್ ಮಾಡಿಕೊಂಡವರು ಬಹಳ. ಆಪ್‌ಇಮೇಜ್ ಕೂಡ ಒಂದೇ ಕಡತವೇ, ಆದರೆ ಹಲವಕ್ಕೆ ಫ್ಯೂಸ್‌ನ ಹಳೆಯ ಲೈಬ್ರರಿ ಬೇಕು. ಉಬುಂಟು 22.04ರಿಂದ ಈಚೆಗೆ ಅದು ಮೊದಲೇ ಇರುವುದಿಲ್ಲ.

ಹಂತ 9: ಬಿಡುಗಡೆ ಟಿಪ್ಪಣಿ ಮತ್ತು ಭದ್ರತಾ ದೋಷಗಳು

ಟಿಪ್ಪಣಿಯ ಮೊದಲ ಸಾಲು ಒಂದೇ ವಿಷಯ ಹೇಳಲಿ: ಈ ಆವೃತ್ತಿಗೆ ಬರುವ ಮುಂಚೆ ಬಳಕೆದಾರರು ಏನಾದರೂ ಮಾಡಬೇಕೇ? ಏನೂ ಬೇಡವಾದರೆ ‘ಏನೂ ಮಾಡಬೇಕಿಲ್ಲ’ ಎಂದೇ ಬರೆಯಿರಿ. ಹೊಸ ಸೌಲಭ್ಯಗಳ ವರ್ಣನೆ ಅದರ ಕೆಳಗೆ. 2023ರಲ್ಲಿ ಬೋರ್ಗ್‌ನಲ್ಲಿ, ದಾಳಿಕೋರರು ಸಂಗ್ರಹದೊಳಗೆ ನಕಲಿ ಬ್ಯಾಕಪ್ ಸೇರಿಸಲು ಅವಕಾಶ ಕೊಡುವ ದೋಷ ಕಂಡುಬಂದು 1.2.5ರಲ್ಲಿ ತಿದ್ದಲಾಯಿತು. ಹೊಸ ಆವೃತ್ತಿ ಹಾಕಿಕೊಂಡರಷ್ಟೇ ಸಾಲುತ್ತಿರಲಿಲ್ಲ, ಈಗಿರುವ ಬ್ಯಾಕಪ್‌ಗಳನ್ನು ಪರಿಶೀಲಿಸಿ ಮೇಲ್ದರ್ಜೆಗೆ ಏರಿಸುವ ಕೆಲಸವನ್ನು ಬಳಕೆದಾರರೇ ಮಾಡಬೇಕಿತ್ತು. ಬೋರ್ಗ್ ತಂಡ ಅದನ್ನು ಹಂತ ಹಂತವಾಗಿ ಬರೆದು ಪ್ರಕಟಿಸಿತು. ಇಂತಹ ದಿನ ನಿಮಗೂ ಬರಬಹುದು. ಭದ್ರತಾ ದೋಷವನ್ನು ಗುಟ್ಟಾಗಿ ತಿಳಿಸಲು ಒಂದು ವಿಳಾಸವನ್ನು ‘ಸೆಕ್ಯುರಿಟಿ’ ಕಡತದಲ್ಲಿ ಮೊದಲ ದಿನವೇ ಬರೆದಿಡಿ. ಡಿಸ್ಟ್ರೋ ಮೇಂಟೇನರ್‌ಗಳು ಹಳೆಯ ಆವೃತ್ತಿಗೂ ಅಂಟಿಸಿಕೊಳ್ಳುವಂತೆ ತಿದ್ದುಪಡಿಯನ್ನು ಒಂದೇ ಚಿಕ್ಕ ಪ್ಯಾಚ್ ಆಗಿ ಕೊಡಿ.

ದೋಷ ವರದಿ ಮಾಡುವಾಗ ಜನ ಲಾಗ್ ಕಡತವನ್ನು ಹಾಗೆಯೇ ಅಂಟಿಸುತ್ತಾರೆ. ಅದರಲ್ಲಿ ಅವರ ಕಡತಗಳ ಹೆಸರು, ಸರ್ವರ್ ವಿಳಾಸ, ಕೆಲವೊಮ್ಮೆ ಪಾಸ್‌ವರ್ಡ್ ಕೂಡ ಇರುತ್ತದೆ. ಹೆಸರುಗಳನ್ನು ಮರೆಮಾಡಿ ಲಾಗ್ ಕೊಡುವ ಆಯ್ಕೆಯನ್ನು ಪ್ರೋಗ್ರಾಂನಲ್ಲೇ ಸೇರಿಸಿ.

ಸಂದೇಶಗಳನ್ನು ಗೆಟ್‌ಟೆಕ್ಸ್ಟ್ ಎಂಬ ಅನುವಾದ ಉಪಕರಣದ ಮೂಲಕ ಕನ್ನಡಕ್ಕೆ ತರುವುದಾದರೆ ಮೊದಲು ತಪ್ಪಿನ ಸಂದೇಶಗಳನ್ನು ಅನುವಾದಿಸಿ, ಮೆನುಗಳನ್ನು ಆಮೇಲೆ. ಗಾಬರಿಯಲ್ಲಿದ್ದವರು ಓದುವುದು ಮೊದಲನೆಯದನ್ನೇ.

ಹಂತ 10: ನಿಲ್ಲಿಸುವುದಕ್ಕೂ ಸಿದ್ಧತೆ

ಕೆಲಸ ಬದಲಾಗಬಹುದು, ಆಸಕ್ತಿ ಬೇರೆಡೆ ಹೋಗಬಹುದು. ಯೋಜನೆ ಕೈಬಿಡುವುದು ತಪ್ಪಲ್ಲ, ಸುಮ್ಮನೆ ಮಾಯವಾಗುವುದು ತಪ್ಪು. ಬಿಡುಗಡೆ ಮಾಡುವ ವಿಧಾನವನ್ನು ಒಂದು ಕಡತದಲ್ಲಿ ಬರೆದಿಡಿ, ನಂಬಿಕಸ್ಥ ಎರಡನೆಯವರೊಬ್ಬರಿಗೆ ಬಿಡುಗಡೆಯ ಅಧಿಕಾರ ಕೊಟ್ಟಿರಿ. ಅವರು ತಮ್ಮದೇ ಕೀಲಿಯಿಂದ ಸಹಿ ಹಾಕಲಿ, ನಿಮ್ಮ ಕೀಲಿ ಹಂಚಬೇಡಿ. ಬಿಡುವಿಲ್ಲವೆಂದು ದಣಿದ ಹೊತ್ತಿನಲ್ಲಿ, ಒತ್ತಾಯ ಮಾಡಿ ಮುಂದೆ ಬಂದ ಅಪರಿಚಿತರಿಗೆ ಯೋಜನೆ ಒಪ್ಪಿಸಬೇಡಿ. ಎಕ್ಸ್‌ಝಡ್‌ನಲ್ಲಿ ಹಿಂಬಾಗಿಲು ಇಟ್ಟವರು ಒಳಗೆ ಬಂದದ್ದು ಹಾಗೆಯೇ, ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯ ಮಾಡುತ್ತಾ ವಿಶ್ವಾಸ ಗಳಿಸಿ.

ನಿಲ್ಲಿಸುವುದೇ ಖಚಿತವಾದರೆ ಕೊನೆಯ ಬಿಡುಗಡೆಯೊಂದನ್ನು ಮಾಡಿ. ಹೊಸ ಬ್ಯಾಕಪ್ ತೆಗೆಯುವ ಮುನ್ನ ಬೇರೆ ತಂತ್ರಾಂಶಕ್ಕೆ ಹೋಗುವಂತೆ ಅದು ಹೇಳಲಿ, ಮರಳಿ ಪಡೆಯುವ ಆದೇಶ ಮಾತ್ರ ಎಂದಿನಂತೆ ಓಡಲಿ. ಮರಳಿ ಪಡೆಯಲಷ್ಟೇ ಬರುವ ಸ್ಥಿರ ಬೈನರಿಯನ್ನು ಎಲ್ಲ ಯಂತ್ರವರ್ಗಗಳಿಗೂ ಕಟ್ಟಿ, ಸಹಿ ಹಾಕಿ, ಸಂಗ್ರಹ ವಿನ್ಯಾಸದ ದಾಖಲೆಯ ಜೊತೆ ಇಡಿ. ಡೆಬಿಯನ್, ಫೆಡೋರಾ, ಆರ್ಚ್ ಮೇಂಟೇನರ್‌ಗಳಿಗೆ ಒಂದೊಂದು ಸಾಲಿನ ಪತ್ರ ಬರೆದು ತಿಳಿಸಿದ ಮೇಲೆ ಗಿಟ್ ಭಂಡಾರವನ್ನು ಓದಲು ಮಾತ್ರ ಸಿಗುವ ಸ್ಥಿತಿಗೆ ಬದಲಾಯಿಸಿ. ಅಳಿಸಬೇಡಿ.